ಪೋಸ್ಟರ್‌ಗೂ ಬೇಕು ಮಳೆಗಾಲದ ರಜೆ

ಸ್ಟೆಫಿ ಗ್ರಾಫ್ ಒಂದೇ ವರ್ಷದಲ್ಲಿ ನಾಲ್ಕು ಗ್ರ್ಯಾಂಡ್ ಸ್ಲ್ಯಾಮ್ ಗೆದ್ದು, ಜೊತೆಗೆ ಸೋಲ್ ಒಲಿಂಪಿಕ್ಸ್‌ನ ಚಿನ್ನವನ್ನೂ ಹೊತ್ತುಕೊಂಡು ಹೋದದ್ದು 1988ರಲ್ಲಿ. ಅದೇ ವರ್ಷದ ಕೊನೆಗೆ ನನ್ನ ಅಕ್ಕ ಅವಳ ಪೋಸ್ಟರನ್ನು ನಾವು ಮಲಗುವ ಕೋಣೆಯ ಗೋಡೆಗೆ ಅಂಟಿಸಿದಳು. ಸ್ಪೋರ್ಟ್‌ಸ್ಟಾರ್ ಪತ್ರಿಕೆಯ ನಡುಪುಟ ಅದು. ಮಧ್ಯದ ಮಡಿಕೆಯಲ್ಲಿ ಪಿನ್ನು ಕಿತ್ತ ತೂತುಗಳು. ಮನೆಯಲ್ಲಿ ಗೋಂದು ಇರಲಿಲ್ಲ. ಊಟದ ತಟ್ಟೆಯಿಂದ ನಾಲ್ಕು ಅಗುಳು ಅನ್ನ ತೆಗೆದು, ಒಂದೊಂದು ಮೂಲೆಗೆ ಒಂದೊಂದು ಉಜ್ಜಿ ಒತ್ತಿದಳು. ಗಟ್ಟಿಯಾಗೇ ಕೂತಿತು.

ಮುಂದಿನ ಕಕ್ಕಡ, ಅಂದರೆ ಕೊಡಗಿನ ಜಡಿಮಳೆಯ ತಿಂಗಳು, ಮುಗಿಯುವಷ್ಟರಲ್ಲಿ ಸ್ಟೆಫಿಯ ಬಿಳಿ ಸ್ಕರ್ಟಿನ ತುಂಬ ಕಪ್ಪು ಚುಕ್ಕೆ. ಅಗುಳು ಇದ್ದ ನಾಲ್ಕೂ ಮೂಲೆ ಜಿರಳೆ ಪಾಲು. ಅವ್ವ ಕೆರೆದು ತೆಗೆದಾಗ ಗೋಡೆಯ ಸುಣ್ಣವೂ ಹಕ್ಕಳೆಯಾಗಿ ಬಂತು. ಅಕ್ಕ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಆಮೇಲೆ ನಾನು ಹಾಕಿದ, ಹಾಳು ಮಾಡಿದ, ಉಳಿಸಿಕೊಂಡ ಪೋಸ್ಟರುಗಳ ಲೆಕ್ಕ ದೊಡ್ಡದಿದೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವವರು ಒಂದು ಟೇಪು ಹಚ್ಚಿ ಹತ್ತು ವರ್ಷ ಮರೆತುಬಿಡಬಹುದು. ಇಲ್ಲಿ ಕೊಡಗಿನಲ್ಲಿ ಆಗಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಗೋಡೆಯೇ ನೀರು ಕುಡಿದು ಕೂತಿರುವಾಗ ಅದಕ್ಕೆ ಅಂಟಿದ ಕಾಗದ ಒಣಗಿರುವುದುಂಟೇ? ಅದಕ್ಕೇ ನಮ್ಮ ಕಡೆ ಎರಡು ಮಾತು ನೆನಪಿರಬೇಕು. ಒಂದು, ಕಾಗದಕ್ಕೂ ಗೋಡೆಗೂ ನಡುವೆ ಗಾಳಿ ಆಡಬೇಕು. ಎರಡು, ನವೆಂಬರ್ ಕೊನೆಗೋ ಡಿಸೆಂಬರಿಗೋ ಬರುವ ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಏರಿಸಿ, ಮಳೆ ಹಿಡಿಯುವ ಮುಂಚೆ ಇಳಿಸಬೇಕು.

ಯಾವುದಕ್ಕೆ ಇಷ್ಟು ಕಷ್ಟಪಡಬೇಕು?

ಎಲ್ಲಾ ಪೋಸ್ಟರಿಗೂ ಈ ಸೇವೆ ಬೇಡ. ಅಂಗಡಿಯಲ್ಲಿ ಮತ್ತೆ ಸಿಗುವಂಥದ್ದನ್ನು ಸುಮ್ನೆ ಹಾಕಿ, ಹಾಳಾದರೆ ಹೊಸದು ತನ್ನಿ. ಮತ್ತೆ ಸಿಗದೇ ಇರುವಂಥದ್ದು ಯಾವುದು ಅಂತ ಮೊದಲು ಗುರುತಿಸಿಕೊಳ್ಳಿ.

ನಮ್ಮ ಮನೆಗಳ ಗೋಡೆ ನೋಡಿದರೆ ಗೊತ್ತಾಗುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಇರುತ್ತಾರೆ, ಜನರಲ್ ತಿಮ್ಮಯ್ಯ ಇರುತ್ತಾರೆ. ಕಾವೇರಮ್ಮ ಇದ್ದೇ ಇರುತ್ತಾಳೆ. ರಾಜ್‌ಕುಮಾರ್, ಶಂಕರ್‌ನಾಗ್ ಒಂದು ತಲೆಮಾರಿಗೆ. 2024ರ ಜನವರಿಯಲ್ಲಿ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ರೋಹನ್ ಬೋಪಣ್ಣ ಈಗಿನ ಮಕ್ಕಳಿಗೆ. ಇವರ ಚಿತ್ರ ಇನ್ನೊಂದು ಸಿಗುತ್ತದೆ. ಆದರೆ ಹಾಕಿ ಹಬ್ಬದ ಪೋಸ್ಟರ್ ತೆಗೆದುಕೊಳ್ಳಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿಯನ್ನು ಒಂದೊಂದು ವರ್ಷ ಒಂದೊಂದು ಕುಟುಂಬ ನಡೆಸುತ್ತದೆ. ಆ ವರ್ಷದ ಪೋಸ್ಟರ್ ಆ ವರ್ಷಕ್ಕೇ ಮುಗಿಯಿತು. ಮತ್ತೆ ಯಾರು ಅಚ್ಚು ಹಾಕಿಸುತ್ತಾರೆ? ನಿಮ್ಮ ಮನೆತನದ ಹೆಸರು ಇರುವ ಒಂದು ಪ್ರತಿ ಇದ್ದರೆ ಅದು ಈ ಲೇಖನದ ಪೂರ್ತಿ ಸೇವೆಗೆ ಅರ್ಹ.

ಕಾಗದ ಯಾವ ಜಾತಿಯದು ಅಂತಲೂ ನೋಡಿಕೊಳ್ಳಿ. ಪತ್ರಿಕೆಯ ಒರಟು ಕಾಗದ ಬಿಸಿಲಿಗೆ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ನುಣುಪಾದ ಆರ್ಟ್ ಪೇಪರ್‌ಗೆ ಬೇರೆ ಕಾಯಿಲೆ. ಅದರ ಮೇಲಿನ ಲೇಪ ತೇವಕ್ಕೆ ಮೆತ್ತಗಾಗಿ, ಪಕ್ಕದಲ್ಲಿ ಏನಿದೆಯೋ ಅದಕ್ಕೆ ಅಂಟಿಕೊಳ್ಳುತ್ತದೆ. ಫ್ಲೆಕ್ಸ್ ಆದರೆ ಕಾಗದವೇ ಅಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿ, ಮುಂದಿನದ್ದು ಓದಬೇಕಾಗಿಲ್ಲ.

ಮೊದಲು ಫೋಟೋ ತೆಗೆದಿಡಿ

ಇದನ್ನು ಎಲ್ಲರೂ ಕೊನೆಗೆ ಮಾಡೋಣ ಅಂತ ಬಿಡುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಎಷ್ಟೋ ಮನೆಗಳಲ್ಲಿ ಜನ ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದರು. ಗೋಡೆಯೇ ಹೋದ ಮೇಲೆ ಗೋಡೆ ಮೇಲಿನದ್ದರ ಮಾತೆಲ್ಲಿ. ಹಾಗಾಗಿ ಮೊದಲ ಕೆಲಸ ಇದೇ ಆಗಲಿ.

ದೊಡ್ಡ ಸ್ಕ್ಯಾನರ್ ಹುಡುಕಿಕೊಂಡು ಹೋಗಬೇಕಾಗಿಲ್ಲ. ಪೋಸ್ಟರನ್ನು ಜಗಲಿಯಲ್ಲಿ ಒಂದು ಹಲಗೆಗೆ ಒರಗಿಸಿ, ಮೋಡ ಕವಿದ ದಿನ ಮೊಬೈಲಿನಲ್ಲಿ ತೆಗೆಯಿರಿ. ಮೋಡದ ಬೆಳಕು ಎಲ್ಲಾ ಕಡೆ ಒಂದೇ ಸಮ ಬೀಳುತ್ತದೆ, ಹೊಳಪು ಹೊಡೆಯುವುದಿಲ್ಲ. ಮೋಡಕ್ಕೆ ನಮ್ಮಲ್ಲಿ ಬರವಿಲ್ಲ ಅಲ್ವಾ? ಫ್ಲಾಶ್ ಬೇಡ. ಮೊಬೈಲ್ ಪೋಸ್ಟರಿನ ಸರಿ ಮಧ್ಯಕ್ಕೆ ನೇರವಾಗಿರಲಿ, ಇಲ್ಲದಿದ್ದರೆ ಮೇಲೆ ಕಿರಿದು ಕೆಳಗೆ ಅಗಲ ಆಗಿ ಬರುತ್ತದೆ. ತೀರಾ ಹತ್ತಿರ ಹೋಗಬೇಡಿ, ಅಂಚು ಬಾಗುತ್ತದೆ.

ಎ2 ಅಳತೆಯಲ್ಲಿ, ಅಂದರೆ 420×594 ಮಿಲಿಮೀಟರಿಗೆ ಮತ್ತೆ ಪ್ರಿಂಟ್ ಹಾಕಿಸಲು ಇಂಚಿಗೆ 150 ಚುಕ್ಕೆ ಸಿಕ್ಕರೂ ನಾಲ್ಕಡಿ ದೂರದಿಂದ ಚೆನ್ನಾಗೇ ಕಾಣುತ್ತದೆ. ಅದಕ್ಕೆ ಬೇಕಾದದ್ದು 2480×3508 ಪಿಕ್ಸೆಲ್. ಈಗಿನ 12 ಮೆಗಾಪಿಕ್ಸೆಲ್ ಮೊಬೈಲಿಗೆ ಅದು ಲೆಕ್ಕವೇ ಅಲ್ಲ. ತೀರಾ ಹಳೆಯ, ಮುಟ್ಟಿದರೆ ಹರಿಯುವ ಪೋಸ್ಟರ್ ಆದರೆ ಈ ಪ್ರಿಂಟನ್ನೇ ಗೋಡೆಗೆ ಹಾಕಿ, ಅಸಲನ್ನು ಒಳಗಿಡಿ. ನೋಡುವವರಿಗೆ ಗೊತ್ತಾಗಲ್ಲ. ನಿಮಗೆ ಗೊತ್ತಿರುತ್ತದೆ, ಅದು ಸ್ವಲ್ಪ ಚುಚ್ಚುತ್ತದೆ, ನಿಜ.

ಗೋಡೆ ಆರಿಸುವುದು

ನಮ್ಮ ಗಾಳಿಮಳೆ ಬಡಿಯುವುದು ಪಶ್ಚಿಮ, ನೈಋತ್ಯದಿಂದ. ಆ ದಿಕ್ಕಿಗೆ ಬೆನ್ನು ಕೊಟ್ಟ ಹೊರಗೋಡೆಯ ಒಳಮೈಗೆ ಪೋಸ್ಟರ್ ಬೇಡವೇ ಬೇಡ. ಅಕ್ಕನ ಸ್ಟೆಫಿ ಇದ್ದದ್ದು ಅಲ್ಲೇ. ಎರಡು ಕೋಣೆಗಳ ನಡುವಿನ ಒಳಗೋಡೆ ಎಲ್ಲಕ್ಕಿಂತ ಒಳ್ಳೆಯದು. ಆಚೆ ಬದಿಗೆ ಬಚ್ಚಲು ಇರಬಾರದು. ಅಡುಗೆಮನೆ ಒಲೆಯ ಆಚೆ ಬದಿಯ ಗೋಡೆ ಸಿಕ್ಕರೆ ಅದೃಷ್ಟ, ಆಷಾಢದಲ್ಲೂ ಅದು ಬೆಚ್ಚಗಿರುತ್ತದೆ. ಕುಶಾಲನಗರದ ಕಡೆಯವರಿಗೆ ಇಷ್ಟೆಲ್ಲ ತಲೆಬಿಸಿ ಇಲ್ಲ. ಅಲ್ಲಿ ಮಳೆ ಮಡಿಕೇರಿಗಿಂತ ತುಂಬ ಕಡಿಮೆ. ಭಾಗಮಂಡಲ, ನಾಪೋಕ್ಲು ಕಡೆಯವರು ಎರಡೆರಡು ಸಲ ಓದಿಕೊಳ್ಳಿ.

ಗೋಡೆ ಒಣಗಿದೆಯೋ ಇಲ್ಲವೋ ಅಂತ ಕೈಯಿಟ್ಟು ನೋಡಿದರೆ ಗೊತ್ತಾಗುವುದಿಲ್ಲ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪು ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆ ಕಡೆ ಹನಿ ಕಟ್ಟಿದರೆ ಗೋಡೆಯೊಳಗೇ ನೀರಿದೆ. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿ ಒದ್ದೆ, ಕಿಟಕಿ ತೆಗೆಯಬೇಕು. ಎರಡೂ ಕಡೆ ಒಣಗಿದ್ದರೆ ಮೊಳೆ ಹೊಡೆಯಿರಿ. ಹೊಸದಾಗಿ ಗಾರೆ ಮಾಡಿದ ಗೋಡೆ ಒಂದು ಬೇಸಿಗೆ ಕಳೆಯಲಿ.

ಬಿಸಿಲಿನ ಲೆಕ್ಕ ಬೇರೆ. ಪೇಟೆಯ ಅಂಗಡಿ ಬಾಗಿಲಲ್ಲಿ ಹಳೇ ಪೋಸ್ಟರಿನ ನಾಯಕ ನೀಲಿ ಬಣ್ಣಕ್ಕೆ ತಿರುಗಿರುವುದನ್ನು ನೋಡಿದ್ದೀರಲ್ಲ. ಅಚ್ಚಿನ ನಾಲ್ಕು ಬಣ್ಣಗಳಲ್ಲಿ ಹಳದಿಯೂ ಕೆನ್ನೇರಳೆಯೂ ಬಿಸಿಲಿಗೆ ಮೊದಲು ಓಡಿಹೋಗುತ್ತವೆ. ನೀಲಿಯೂ ಕಪ್ಪೂ ಗಟ್ಟಿ ಪಿಂಡ, ಉಳಿದುಕೊಳ್ಳುತ್ತವೆ. ಆದ್ದರಿಂದ ಕಿಟಕಿಯ ಎದುರಿನ ಗೋಡೆಯೂ ಬೇಡ, ಕಿಟಕಿ ಇರುವ ಗೋಡೆಯಲ್ಲೇ ಪಕ್ಕಕ್ಕೆ ಹಾಕಿ.

ಇನ್ನೊಂದು ಮಾತು. ಐನ್‌ಮನೆಯ, ಅಂದರೆ ಕೊಡವ ಮನೆತನದ ಮೂಲಮನೆಯ, ನಡುಕೋಣೆ ನೆಲ್ಲಕ್ಕಿ ನಡುಬಾಡೆಗೆ ನಿಮ್ಮ ಸಿನಿಮಾ ನಟ ಹೋಗಬೇಕಾಗಿಲ್ಲ. ದೀಪ ಇಡುವ ಜಾಗ ಅದು. ಹಿರಿಯರ ಫೋಟೋ ಸಾಲಿನಲ್ಲೂ ಬೇಡ. ಒಮ್ಮೆ ನಾನು ಅಜ್ಜನ ಪಕ್ಕಕ್ಕೆ ಮರಡೋನಾನನ್ನು ನೇತುಹಾಕಿದ್ದೆ. ಅವ್ವ ಏನೂ ಹೇಳಲಿಲ್ಲ, ಸಂಜೆಗೆ ಮರಡೋನಾ ದನದ ಕೊಟ್ಟಿಗೆಯಲ್ಲಿದ್ದ.

ಕ್ಯಾಲೆಂಡರ್ ಕಲಿಸಿದ ಪಾಠ

ಹಳೇ ಶಿವಕಾಶಿ ಕ್ಯಾಲೆಂಡರ್ ನೆನಪು ಮಾಡಿಕೊಳ್ಳಿ. ಮೇಲೊಂದು ತಗಡಿನ ಪಟ್ಟಿ, ಕೆಳಗೊಂದು. ಒಂದೇ ಮೊಳೆ. ಗಾಳಿ ಬಂದರೆ ಟಕಟಕ ಅಂತ ಗೋಡೆಗೆ ಬಡಿಯುತ್ತಿತ್ತು. ಮನೆಯಲ್ಲಿ ಅಂಟಿಸಿದ ಕಾಗದಕ್ಕೆಲ್ಲ ಬೂಷ್ಟು ಹಿಡಿದರೂ ಕ್ಯಾಲೆಂಡರಿನ ಲಕ್ಷ್ಮಿಗೆ ಹಿಡಿಯುತ್ತಿರಲಿಲ್ಲ. ಯಾಕೆಂದರೆ ಅದು ಗೋಡೆಗೆ ಅಂಟಿರಲಿಲ್ಲ, ಬೆನ್ನ ಹಿಂದೆ ಗಾಳಿ ಆಡುತ್ತಿತ್ತು. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಈವರೆಗೆ ಸಿಕ್ಕಿಲ್ಲ. ಫ್ರೇಮಿಗಿಂತಲೂ ಇದೇ ಮೇಲು ಅನ್ನುವುದು ನನ್ನ ವಾದ.

ಮಾಡುವುದು ಹೀಗೆ. ಬಡಗಿಯ ಹತ್ತಿರ ಒಣಗಿದ ಮರದ ತೆಳು ರೀಪು ನಾಲ್ಕು ಮಾಡಿಸಿ. ಮುಕ್ಕಾಲು ಇಂಚು ಅಗಲ, ಕಾಲು ಇಂಚು ದಪ್ಪ ಸಾಕು. ಉದ್ದ ಪೋಸ್ಟರಿನ ಅಗಲಕ್ಕಿಂತ ಎರಡು ಇಂಚು ಜಾಸ್ತಿ ಇರಲಿ, ಎರಡೂ ತುದಿಯಲ್ಲಿ ಒಂದೊಂದು ಇಂಚು ಹೊರಗೆ ಬರುವಂತೆ. ಹಸಿ ಮರ ಕೊಟ್ಟರೆ ತೆಗೆದುಕೊಳ್ಳಬೇಡಿ, ಮಳೆಗಾಲ ಕಳೆಯುವಷ್ಟರಲ್ಲಿ ಬಿಲ್ಲಾಗುತ್ತದೆ.

ಪೋಸ್ಟರಿನ ಮೇಲಂಚನ್ನು ಎರಡು ರೀಪಿನ ನಡುವೆ ಸ್ಯಾಂಡ್‌ವಿಚ್ ಮಾಡಿ. ಮರ ನೇರವಾಗಿ ಕಾಗದಕ್ಕೆ ತಾಗದ ಹಾಗೆ ನಡುವೆ ದಪ್ಪ ಬಿಳಿ ಕಾಗದದ ಪಟ್ಟಿ ಇಡಿ, ಇಲ್ಲದಿದ್ದರೆ ವರ್ಷ ಕಳೆದ ಹಾಗೆ ಕಂದು ಗೆರೆ ಬೀಳುತ್ತದೆ. ಹೊರಗೆ ಉಳಿದ ಆ ಒಂದೊಂದು ಇಂಚಿನಲ್ಲಿ ಸಣ್ಣ ಸ್ಕ್ರೂ ಹಾಕಿ ಬಿಗಿಯಿರಿ. ಸ್ಕ್ರೂ ಕಾಗದವನ್ನು ತೂತು ಮಾಡುವುದೇ ಇಲ್ಲ, ಈ ಉಪಾಯದ ಸೊಗಸೇ ಅದು. ಸಿನಿಮಾ ಪೋಸ್ಟರಿನ ಹಾಗೆ 30×40 ಇಂಚಿನದಾದರೆ ಮಧ್ಯದಲ್ಲಿ ಜಾರುತ್ತದೆ, ಒಂದು ಬೈಂಡರ್ ಕ್ಲಿಪ್ ಸಿಕ್ಕಿಸಿ. ಕೆಳಗೂ ಹೀಗೇ. ಕೆಳಗಿನ ರೀಪಿನ ಭಾರಕ್ಕೆ ಪೋಸ್ಟರ್ ಸುರುಳಿ ಬಿಟ್ಟು ನೆಟ್ಟಗೆ ನಿಲ್ಲುತ್ತದೆ.

ಮೇಲಿನ ರೀಪಿನ ಎರಡು ತುದಿಗೆ ದಾರ ಕಟ್ಟಿ. ಇನ್ನು ಗಾಳಿಗೆ ಜಾಗ ಬೇಕಲ್ಲ. ಮನೆಯಲ್ಲಿ ಮಾಡಿದ ವೈನ್ ಬಾಟಲಿಯ ಕಾರ್ಕ್ ಇರುತ್ತದೆ. ಅದನ್ನು ಅರ್ಧ ಇಂಚಿನ ಬಿಲ್ಲೆಗಳಾಗಿ ಕೊಯ್ದು, ನಾಲ್ಕು ಮೂಲೆಯಲ್ಲಿ ರೀಪಿನ ಹಿಂಬದಿಗೆ ಅಂಟಿಸಿ. ಈಗ ಪೋಸ್ಟರ್ ಗೋಡೆಯಿಂದ ಅರ್ಧ ಇಂಚು ಮುಂದೆ ನಿಂತಿರುತ್ತದೆ. ಕಾರ್ಕ್ ಇಲ್ಲವೆಂದರೆ ವೈನ್ ಮಾಡಿಸಲು ಇದೊಂದು ನೆಪ.

ಮೊಳೆ ವಿಷಯ. ಹಳೇ ಮಣ್ಣಿನ ಗೋಡೆಯಲ್ಲಿ ಸಣ್ಣ ಮೊಳೆ ನಿಲ್ಲುವುದಿಲ್ಲ, ಪುಡಿಯಾಗಿ ಬರುತ್ತದೆ. ಬಾಗಿಲ ಚೌಕಟ್ಟಿನ ಮೇಲೋ ತೊಲೆಗೋ ಕೊಕ್ಕೆ ಹಾಕಿ ಅಲ್ಲಿಂದ ದಾರ ಇಳಿಬಿಡಿ. ಸಿಮೆಂಟ್ ಗೋಡೆಗೆ ಡ್ರಿಲ್ ಮಾಡಿ ಪ್ಲಗ್ ಹಾಕಿಸಿ. ಎತ್ತರ ಎಷ್ಟು? ಚಿತ್ರದ ಮಧ್ಯಭಾಗ ನೆಲದಿಂದ ಐದಡಿಗೆ ಸ್ವಲ್ಪ ಕೆಳಗೆ ಬರಲಿ. ನಮ್ಮವರಿಗೆ ಎಲ್ಲವನ್ನೂ ಸೂರಿಗೆ ತಾಗಿಸಿ ಹಾಕುವ ಅಭ್ಯಾಸ. ಕತ್ತು ನೋಯುವುದು ಬಿಟ್ಟರೆ ಅದರಿಂದ ಲಾಭ ಏನೂ ಇಲ್ಲ.

ಸೆಲೋಟೇಪ್ ಬಗ್ಗೆ ಒಂದೇ ಮಾತು: ಬೇಡ. ಅದರ ಅಂಟು ಕಾಗದದೊಳಗೆ ಇಳಿದು ಹಳದಿಯಾಗುತ್ತದೆ, ಆ ಕಲೆ ಹೋಗುವುದಿಲ್ಲ. ಎರಡು ಬದಿ ಅಂಟಿನ ಸ್ಪಂಜ್ ಟೇಪ್ ಡಿಸ್ಟೆಂಪರನ್ನೇ ಕಿತ್ತುಕೊಂಡು ಬೀಳುತ್ತದೆ, ಅದೂ ರಾತ್ರಿ ಹೊತ್ತು. ಪುಸ್ತಕ ಬೈಂಡ್ ಮಾಡುವವರು ಮೈದಾ ಅಂಟಿಗೆ ಹುಳ ಬಾರದಿರಲಿ ಅಂತ ಮೈಲುತುತ್ತು ಸೇರಿಸುತ್ತಾರೆ. ಕಾಫಿ ತೋಟದವರ ಮನೆಯಲ್ಲಿ ಬೋರ್ಡೋಗೆ (ಗಿಡದ ಕೊಳೆರೋಗ ತಡೆಯಲು ಹೊಡೆಯುವ ದ್ರಾವಣ) ತಂದ ಮೈಲುತುತ್ತು ಹೇಗೂ ಇರುತ್ತದಲ್ಲ, ಹಾಕೋಣ ಅನ್ನಿಸಬಹುದು. ವಿಷ ಅದು. ಮಕ್ಕಳು ಮುಟ್ಟುವ ಗೋಡೆಗೆ ಬೇಡ.

ಫ್ರೇಮೇ ಬೇಕು ಅನ್ನುವವರಿಗೆ

ಕೆಲವರಿಗೆ ಗಾಜು ಹಾಕಿದರೇ ಸಮಾಧಾನ. ಹಾಕಿಸಿ, ಆದರೆ ಪಕ್ಕದಲ್ಲಿ ನಿಂತು ಮಾಡಿಸಿ. ನಾನು ಒಂದು ಹಾಕಿ ಪೋಸ್ಟರನ್ನು ಫ್ರೇಮಿಗೆ ಕೊಟ್ಟು ಮನೆಗೆ ಬಂದಿದ್ದೆ. ಅಂಗಡಿಯವನು ಪೋಸ್ಟರನ್ನು ನೇರ ಗಾಜಿಗೆ ಒತ್ತಿ, ಹಿಂದೆ ಹಾರ್ಡ್‌ಬೋರ್ಡ್ ಬಡಿದು ಕೊಟ್ಟ. ಅದೂ ಜುಲೈ ತಿಂಗಳಲ್ಲಿ. ಮಾರನೇ ವರ್ಷಕ್ಕೆ ಗೋಲ್‌ಕೀಪರನ ಮುಖ ಗಾಜಿಗೆ ಅಂಟಿಕೊಂಡಿತ್ತು. ತಪ್ಪು ಅವನದ್ದು ಅರ್ಧ, ಮಳೆಯಲ್ಲಿ ಕೊಟ್ಟ ನನ್ನದು ಅರ್ಧ.

ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್ ಇರಲೇಬೇಕು, ಅಂದರೆ ಸುತ್ತ ಬರುವ ದಪ್ಪ ರಟ್ಟಿನ ಕಿಟಕಿ. ಆ ರಟ್ಟು ಆಮ್ಲ ಇಲ್ಲದ್ದಾಗಿರಲಿ. ದೊಡ್ಡದಾದರೆ ಗಾಜಿನ ಬದಲು ಅಕ್ರಿಲಿಕ್ ಹಾಕಿಸಿ, ಹಗುರ. ಹಿಂದಿನ ಹಾರ್ಡ್‌ಬೋರ್ಡ್ ನೀರು ಹೀರುತ್ತದೆ, ಅದಕ್ಕೂ ಪೋಸ್ಟರಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಹಾಕಿಸಿ, ಅಂಚಿಗೆ ಸುತ್ತ ಟೇಪು ಮಾಡಿಸಿ. ಕೆಲಸ ಜನವರಿ, ಫೆಬ್ರವರಿಯಲ್ಲಿ ಆಗಲಿ. ಆಗ ಒಳಗೆ ಸೇರುವ ಗಾಳಿಯೂ ಒಣಗಿರುತ್ತದೆ. ಫ್ರೇಮಿನ ಹಿಂದೆಯೂ ಕಾರ್ಕ್ ಬಿಲ್ಲೆ ಮರೆಯಬೇಡಿ.

ಲ್ಯಾಮಿನೇಷನ್? ಅಸಲಿಗೆ ಬೇಡ. ಒಂದು ಮೂಲೆ ಬಿಟ್ಟುಕೊಂಡರೆ ಸಾಕು, ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ.

ಬೂಷ್ಟು ಬಂದೇ ಬಿಟ್ಟರೆ

ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಎಲ್ಲರೂ ಮಾಡುವ ತಪ್ಪು ಇದು. ಒರೆಸಿದರೆ ಬೂಷ್ಟು ಕಾಗದದ ಎಳೆಯೊಳಗೆ ಹೋಗಿ ಕೂರುತ್ತದೆ. ಇಳಿಸಿ, ಬೇರೆ ಪೋಸ್ಟರುಗಳಿಂದ ದೂರ ಇಟ್ಟು, ಫ್ಯಾನಿನ ಗಾಳಿಗೆ ಪೂರ್ತಿ ಒಣಗಿಸಿ. ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಮೆತ್ತನೆ ಬಣ್ಣದ ಬ್ರಷ್‌ನಿಂದ ಒಂದೇ ದಿಕ್ಕಿಗೆ ಗುಡಿಸಿ. ಪುಡಿ ಹೋಗುತ್ತದೆ, ಕಲೆ ಉಳಿಯುತ್ತದೆ. ಕಲೆ ತೆಗೆಯಲು ಬ್ಲೀಚ್ ಹಾಕಿದರೆ ಬಣ್ಣವೂ ಹೋಗುತ್ತದೆ. ಕಲೆಯ ಜೊತೆ ಬದುಕುವುದೇ ದಾರಿ.

ಗಾಜಿಗೆ ಅಂಟಿದ್ದನ್ನು ಎಳೆಯಬೇಡಿ. ನಾನು ಎಳೆದೆ, ಗೋಲ್‌ಕೀಪರನ ಮೂಗು ಗಾಜಿನಲ್ಲೇ ಉಳಿಯಿತು. ಗಾಜಿನ ಸಮೇತ ಫೋಟೋ ತೆಗೆದು ಪ್ರಿಂಟ್ ಹಾಕಿಸಿ, ಅಸಲನ್ನು ಇದ್ದ ಹಾಗೇ ಬಿಡಿ. ಹಳೇ ಟೇಪ್ ತೆಗೆಯುವುದಾದರೆ ಹೇರ್ ಡ್ರೈಯರಿನ ಬಿಸಿಗಾಳಿ ಸ್ವಲ್ಪ ಹೊತ್ತು ತೋರಿಸಿ, ಅಂಟು ಸಡಿಲವಾದಾಗ ಕಾಗದಕ್ಕೆ ಒರಗಿಸಿದ ಹಾಗೆ ನಿಧಾನಕ್ಕೆ ಸುಲಿಯಿರಿ. ಮೇಲಕ್ಕೆ ಎತ್ತಿ ಕಿತ್ತರೆ ಕಾಗದದ ಮೈಯೂ ಬರುತ್ತದೆ.

ಬೆಳ್ಳಿ ಹುಳ ತಿಂದ ಗುರುತು ಕಂಡರೆ, ಸಣ್ಣ ಪೋಸ್ಟರನ್ನು ಸುರುಳಿ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆ ಕಾಗದದ ಮೇಲೆ ಹನಿ ಕಟ್ಟುತ್ತದೆ. ಹಂದಿಮಾಂಸದ ಪಕ್ಕದಲ್ಲಿ ಇದೇನು ಅಂತ ಮನೆಯವರು ಕೇಳುತ್ತಾರೆ, ಉತ್ತರ ಸಿದ್ಧ ಇಟ್ಟುಕೊಳ್ಳಿ. ಗೆದ್ದಲಿಗೆ ಔಷಧಿಗಿಂತ ಕಣ್ಣು ಮುಖ್ಯ. ತಿಂಗಳಿಗೊಮ್ಮೆ ಪೋಸ್ಟರ್ ಎತ್ತಿ ಹಿಂದೆ ಮಣ್ಣಿನ ಗೆರೆ ಬಂದಿದೆಯಾ ನೋಡಿ.

ಇಳಿಸುವುದು

ಮೇ ಕೊನೆ, ತೋಟಕ್ಕೆ ಬೋರ್ಡೋ ಹೊಡೆಯುವ ಹೊತ್ತು. ಅದೇ ಸಮಯಕ್ಕೆ ಪೋಸ್ಟರೂ ಇಳಿಯಲಿ. ಬಿಸಿಲಿರುವ ಒಂದು ದಿನ ನೋಡಿ, ನೆರಳಲ್ಲಿ ಎರಡು ಗಂಟೆ ಹರಡಿ, ಆಮೇಲೆ ಒಳಗಿಡಿ. ತೇವ ಇರುವಾಗ ಕಟ್ಟಿಟ್ಟರೆ ತೇವವನ್ನೇ ಕಟ್ಟಿಟ್ಟ ಹಾಗೆ.

ಚಪ್ಪಟೆಯಾಗಿ ಇಡಲು ಜಾಗ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಸುರುಳಿ. ಸಣ್ಣ ಸುರುಳಿ ಮಾಡಿ ಕೊಳವೆಯೊಳಗೆ ತುರುಕಬೇಡಿ. ತೋಟದಲ್ಲಿ ಉಳಿದ ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡು ತೆಗೆದುಕೊಂಡು, ಅದಕ್ಕೆ ಒಗೆದು ಒಣಗಿಸಿದ ಹಳೇ ಹತ್ತಿ ಪಂಚೆ ಸುತ್ತಿ, ಅದರ ಹೊರಗೆ ಪೋಸ್ಟರ್ ಸುತ್ತಿ, ಮೇಲೆ ಇನ್ನೊಂದು ಸುತ್ತು ಬಟ್ಟೆ. ರಬ್ಬರ್ ಬ್ಯಾಂಡ್ ಬೇಡ, ಮಳೆಯಲ್ಲಿ ಕರಗಿ ಅಂಟುತ್ತದೆ. ಬಟ್ಟೆ ಪಟ್ಟಿಯಲ್ಲಿ ಸಡಿಲವಾಗಿ ಕಟ್ಟಿ.

ಇದು ತಗಡಿನ ಟ್ರಂಕಿಗೆ ಹೋಗಲಿ. ಜೊತೆಗೆ ಬಟ್ಟೆಯಲ್ಲಿ ಕಟ್ಟಿದ ಸಿಲಿಕಾ ಜೆಲ್. ಅಕ್ಕಿ ಹಾಕಿದರೂ ಆಗುತ್ತೆ ಅನ್ನುವವರಿದ್ದಾರೆ, ಕೇಳಬೇಡಿ, ಹುಳ ಬರುತ್ತದೆ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ಹೊಟ್ಟೆ ತುಂಬಿತು ಅಂತ ಅರ್ಥ. ಓವನ್ನಿನಲ್ಲಿ ಸುಮಾರು 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಟ್ರಂಕ್ ನೆಲದ ಮೇಲಲ್ಲ, ಎರಡು ಮರದ ತುಂಡಿನ ಮೇಲೆ. ಬೀರುವಿನಲ್ಲಿ 40 ವಾಟಿನ ಹಳೇ ಬಲ್ಬ್ ಉರಿಸಿ ಬಟ್ಟೆ ಒಣಗಿಡುವ ಪದ್ಧತಿ ನಮ್ಮ ಕಡೆ ಇದೆಯಲ್ಲ, ಅಲ್ಲಿ ಇಡುವುದಾದರೆ ಬಲ್ಬಿನಿಂದ ದೂರ ಇಡಿ, ಕಾಗದ ಹೊತ್ತಿಕೊಂಡೀತು. ಎಲ್‌ಇಡಿ ಬಲ್ಬ್ ಹಾಕಿದರೆ ಬೆಳಕು ಬರುತ್ತದೆ ಅಷ್ಟೇ, ಬಿಸಿ ಬರಲ್ಲ. ಅಟ್ಟದ ಮೇಲೆ ಒಲೆಯ ಹೊಗೆಗೆ ಇಟ್ಟರೆ ಒಣಗಿರುವುದೇನೋ ನಿಜ, ಪುತ್ತರಿಗೆ ತೆಗೆದಾಗ ಎಲ್ಲರೂ ಒಂದೇ ಬಣ್ಣ ಆಗಿರುತ್ತಾರೆ.

ಸೆಪ್ಟೆಂಬರಿನಲ್ಲಿ ಮಳೆ ನಿಂತ ತಕ್ಷಣ ಅವಸರ ಮಾಡಬೇಡಿ. ಗೋಡೆ ಇನ್ನೂ ಹಸಿ, ತುಲಾ ಸಂಕ್ರಮಣದ ಆಸುಪಾಸಿನಲ್ಲೂ ಒಂದೆರಡು ಮಳೆ ಇದ್ದೇ ಇದೆ. ಡಿಸೆಂಬರಿನಲ್ಲಿ ಮತ್ತೆ ಆ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ, ಆಮೇಲೆ ಏರಿಸಿ.

ಅಲ್ಲಿಯವರೆಗೆ ಗೋಡೆಯಲ್ಲಿ ಬರೀ ಮೊಳೆ. ಅದನ್ನು ಕೀಳಬೇಡಿ. ನಮ್ಮ ಮನೆಯಲ್ಲಿ ಜೂನ್‌ನಿಂದ ಅಲ್ಲಿ ಟಾರ್ಚ್ ನೇತಾಡುತ್ತದೆ. ಕರೆಂಟ್ ಹೋದಾಗ ಕತ್ತಲಲ್ಲೂ ಕೈ ನೇರ ಅಲ್ಲಿಗೇ ಹೋಗುತ್ತದೆ.